ಮೊದಲ ಜೊತೆ ಟೈರು ಸವೆಯಲಿ

ಹೊಸ ಬೈಕು ಮನೆಗೆ ಬಂದ ವಾರದೊಳಗೇ ಪಾರ್ಸೆಲ್‌ಗಳು ಬರತೊಡಗುತ್ತವೆ. ಕ್ಯಾಲಿಫೋರ್ನಿಯಾದ ಲಾಸ್ ಆಲ್ಟೋಸ್‌ನ ನಮ್ಮ ಮನೆಯ ಗರಾಜಿನಲ್ಲಿ ನಿಂತಿದ್ದ ಅಕ್ಕನ ಮಗನ ಯಮಹಾ ಆರ್7 ಇನ್ನೂ ನೂರು ಮೈಲಿ ಓಡಿರಲಿಲ್ಲ. ಅಷ್ಟರಲ್ಲೇ ಎಕ್ಸಾಸ್ಟ್, ಏರ್ ಫಿಲ್ಟರ್, ಇಸಿಯು ಫ್ಲ್ಯಾಶ್, ಲಿವರ್, ಫುಟ್‌ರೆಸ್ಟ್ ಎಂದು ಅವನ ಫೋನಿನಲ್ಲಿ ಪಟ್ಟಿ ಉದ್ದವಾಗಿತ್ತು. "ಮಾವ, ಮೊದ್ಲು ಯಾವ್ದು ಹಾಕಿಸ್ಲಿ?" ಅಂದ. "ಸದ್ಯಕ್ಕೆ ಯಾವ್ದೂ ಬೇಡ ಕಣೋ. ಓಡ್ಸು ಮೊದ್ಲು" ಅಂದೆ. ಅವನ ಮುಖ ಸಪ್ಪಗಾಯಿತು. ಇದೇ ಪ್ರಶ್ನೆಯನ್ನು ಬೆಂಗಳೂರಿನ ಜೆ.ಸಿ. ರೋಡಿನ ಅಂಗಡಿಗಳ ಮುಂದೆ ನಿಂತ ಹುಡುಗರೂ ಕೇಳುತ್ತಾರೆ. ಆದ್ದರಿಂದ ಅವನಿಗೆ ಚುಟುಕಾಗಿ ಹೇಳಿದ್ದನ್ನು ಇಲ್ಲಿ ಬಿಡಿಸಿ ಹೇಳಬೇಕೆನಿಸಿದೆ.

ನನ್ನಂಥ ಮೈಸೂರಿನವರಿಗೆ ಈ ಸಂಯಮ ಹೊಸದಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕುವ ತನಕ ಜಾವಾ, ಯೆಜ್ಡಿಗಳು ನಮ್ಮ ಊರಿನ ಮನೆಮಕ್ಕಳಂತಿದ್ದವು. ಹೊಸ ಗಾಡಿ ತಂದವರಿಗಾಗಲಿ, ಬೋರ್ ಮಾಡಿಸಿದವರಿಗಾಗಲಿ ಮೆಕ್ಯಾನಿಕ್ ಹೇಳುತ್ತಿದ್ದ ಮೊದಲ ಮಾತು ಒಂದೇ: "ರನ್ನಿಂಗ್ ಇನ್ ಮುಗಿಯೋವರ್ಗೂ ಎಳೀಬೇಡಿ ಸಾರ್, ಸೀಜ್ ಆಗುತ್ತೆ." ಅದೇ ಕಾಲದಲ್ಲಿ ಯೆಜ್ಡಿ, ಆರ್‌ಎಕ್ಸ್ 100ಗಳ ಸೈಲೆನ್ಸರಿನೊಳಗಿನ ಬ್ಯಾಫಲ್ ಕಿತ್ತು ಓಡಿಸುವವರೂ ಇದ್ದರು. ಶಬ್ದ ಬೀದಿಗೆಲ್ಲ ಕೇಳುತ್ತಿತ್ತು, ಏರಿನಲ್ಲಿ ಮಾತ್ರ ಗಾಡಿ ಉಸಿರು ಕಟ್ಟುತ್ತಿತ್ತು. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಎಕ್ಸಾಸ್ಟಿನ ಒಳಗೆ ಹಿಂದಕ್ಕೆ ಬಡಿಯುವ ಒತ್ತಡದ ಅಲೆಯೂ ಸಿಲಿಂಡರಿನಲ್ಲಿ ಇಂಧನ ನಿಲ್ಲಿಸುವ ಕೆಲಸ ಮಾಡುತ್ತದೆ. ಅದನ್ನು ಕೆಡಿಸಿದರೆ ಕೆಳಗಿನ ಎಳೆತ ಹೋಗುತ್ತದೆ.

ಈಗಿನ ಫೋರ್-ಸ್ಟ್ರೋಕ್ ಎಂಜಿನ್ ಸುಲಭಕ್ಕೆ ಸೀಜ್ ಆಗುವುದಿಲ್ಲ, ಆದರೆ ಅದಕ್ಕೂ ಪಳಗುವ ಕಾಲ ಬೇಕು. ಸಿಲಿಂಡರ್ ಗೋಡೆಯ ಮೇಲೆ ಬೇಕೆಂದೇ ಕೊರೆದ ಸಣ್ಣ ಗೀರುಗಳಿಗೆ ಪಿಸ್ಟನ್ ರಿಂಗುಗಳು ಉಜ್ಜಿಕೊಂಡು ಹೊಂದಿಕೊಳ್ಳಬೇಕು. ಆಗ ಸವೆದ ಲೋಹದ ಪುಡಿ ಆಯಿಲ್ ಸೇರುತ್ತದೆ. 600 ಮೈಲಿಗೆ, ಅಂದರೆ 1000 ಕಿಲೋಮೀಟರಿಗೆ, ಆಯಿಲ್ ಮತ್ತು ಫಿಲ್ಟರ್ ಬದಲಿಸಿ ಎಂದು ಕೈಪಿಡಿ ಹೇಳುವುದು ಅದಕ್ಕೇ. 1600 ಕಿಲೋಮೀಟರ್ ಆಗುವವರೆಗೆ ಎಂಜಿನ್ನನ್ನು ಹೆಚ್ಚು ಹೊತ್ತು ಮೇಲಿನ ಆರ್‌ಪಿಎಂನಲ್ಲಿ ಹಿಡಿಯಬಾರದು. ಹೊಸ ಟೈರಿನ ನುಣುಪು ಹೋಗಲು ನೂರು ಮೈಲಿ ಬೇಕು. ಬ್ರೇಕ್ ಪ್ಯಾಡು ಡಿಸ್ಕಿಗೆ ಕೂರಬೇಕು, ಫೋರ್ಕಿನ ಸೀಲು ಪಳಗಬೇಕು. ಆ ಮೊದಲ ಸಾವಿರ ಮೈಲಿಯಲ್ಲಿ "ಬ್ರೇಕ್ ಸಾಲ್ದು, ಸಸ್ಪೆನ್ಷನ್ ಗಟ್ಟಿ" ಎಂದು ತೀರ್ಪು ಕೊಟ್ಟರೆ, ಅದು ಇನ್ನೂ ತಯಾರಾಗದ ಗಾಡಿಯ ಮೇಲೆ ಕೊಟ್ಟ ತೀರ್ಪು. ಅದನ್ನು ನಂಬಿ ದುಡ್ಡು ಸುರಿಯುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ರಸ್ತೆ. ಲಾಸ್ ಆಲ್ಟೋಸ್‌ನಲ್ಲಿ ಬೈಕಿರುವವರ ಭಾಗ್ಯವೆಂದರೆ ಬೆಟ್ಟ ಹಿತ್ತಲಲ್ಲೇ ಇದೆ. ಫುಟ್‌ಹಿಲ್ ಎಕ್ಸ್‌ಪ್ರೆಸ್‌ವೇ ಹಿಡಿದು ಪೇಜ್ ಮಿಲ್ ರೋಡಿಗೆ ತಿರುಗಿ, 280ನೇ ಹೆದ್ದಾರಿ ದಾಟಿದರೆ ಏರು ಶುರು. ಕಿರಿದಾದ ರಸ್ತೆ, ಮಡಚಿ ಮಡಚಿ ಹೋಗುವ ತಿರುವುಗಳು, ಮೇಲೆ ಸ್ಕೈಲೈನ್ ಬುಲೆವಾರ್ಡ್. ತಿರುವಿನಾಚೆ ಸೈಕಲ್ ಸವಾರರ ಗುಂಪಿರಬಹುದು, ಜಿಂಕೆ ಇರಬಹುದು, ರೆಡ್‌ವುಡ್ ಮರದಡಿ ಮಂಜಿನ ನೀರು ಆರದೆ ಉಳಿದಿರಬಹುದು. ಈ ರಸ್ತೆಯಲ್ಲಿ ಆರ್7ರ 689 ಸಿಸಿ ಎಂಜಿನ್ನಿನ ಎಪ್ಪತ್ತಕ್ಕೂ ಹೆಚ್ಚು ಅಶ್ವಶಕ್ತಿಯಲ್ಲಿ ಎಷ್ಟು ಬಳಕೆಗೆ ಬರುತ್ತದೆ? ಎರಡನೇ ಗೇರಿನಲ್ಲೇ ಕಾನೂನಿನ ವೇಗಮಿತಿ ಹಿಂದೆ ಬೀಳುತ್ತದೆ. ಇಲ್ಲಿ ಅಡ್ಡಿಯಾಗುವುದು ಕಣ್ಣು: ತಿರುವಿನ ಕೊನೆಯನ್ನು ನೋಡುವ ಬದಲು ಮುಂದಿನ ಚಕ್ರದ ಎದುರಿನ ನೆಲ ನೋಡುವ ಕಣ್ಣು. ಆಮೇಲೆ ಬ್ರೇಕನ್ನು ಒಮ್ಮೆಲೇ ಬಿಡುವ ಬೆರಳು, ಹ್ಯಾಂಡಲನ್ನು ಬಿಗಿಯಾಗಿ ಹಿಡಿದ ತೋಳು. ಇವಕ್ಕೆ ಅಂಗಡಿಯಲ್ಲಿ ಪಾರ್ಟು ಸಿಗುವುದಿಲ್ಲ.

ಭಾನುವಾರ ಬೆಳಗ್ಗೆ ಸ್ಕೈಲೈನ್ ಮತ್ತು 84ನೇ ಹೆದ್ದಾರಿ ಕೂಡುವಲ್ಲಿರುವ ಆಲಿಸ್ ರೆಸ್ಟೋರೆಂಟಿನ ಮುಂದೆ ಸಾಲಾಗಿ ಬೈಕುಗಳು ನಿಂತಿರುತ್ತವೆ. ಅಲ್ಲಿ ಹೋದವರು ಬೈಕಿನ ಬಣ್ಣ, ಎಕ್ಸಾಸ್ಟಿನ ಹೆಸರು ನೋಡುತ್ತಾರೆ. ನನ್ನ ಕಣ್ಣು ಹಿಂದಿನ ಟೈರಿಗೆ ಹೋಗುತ್ತದೆ. ಬೆಲೆಬಾಳುವ ಟೈಟಾನಿಯಂ ಎಕ್ಸಾಸ್ಟಿನ ಕೆಳಗೇ ಎರಡೂ ಅಂಚಿನಲ್ಲಿ ಹೆಬ್ಬೆರಳಗಲ ಹೊಸ ರಬ್ಬರು ಹಾಗೇ ಹೊಳೆಯುತ್ತಿರುತ್ತದೆ. ಬೀದಿಯಲ್ಲಿ ಅಂಚಿನವರೆಗೂ ಬಾಗಿಸಬೇಕೆಂದು ಯಾರಿಗೂ ಹೇಳುವುದಿಲ್ಲ, ಅದು ಅಪಾಯ. ಆದರೆ ಗಾಡಿಯ ಜೊತೆ ಬಂದ ಟೈರಿನಲ್ಲೇ ಇನ್ನೂ ಇಷ್ಟು ಹಿಡಿತ ಬಾಕಿ ಇರುವಾಗ ಶಕ್ತಿ ಕೊಳ್ಳುವುದಕ್ಕೆ ಕಾರಣವೇ ಇಲ್ಲ.

ಹಾಗಂತ ಕೈಕಟ್ಟಿ ಕೂರಬೇಕಿಲ್ಲ. ದುಡ್ಡು ಕೇಳದ ಕೆಲಸವೊಂದಿದೆ, ಅದನ್ನು ಮೊದಲ ತಿಂಗಳಲ್ಲೇ ಮಾಡಬಹುದು. ಆರ್7ರ ಮುಂದಿನ ಕೆವೈಬಿ ಫೋರ್ಕಿಗೆ ಪ್ರೀಲೋಡ್, ಕಂಪ್ರೆಷನ್, ರಿಬೌಂಡ್ ಮೂರನ್ನೂ ತಿರುಗಿಸಿ ಹೊಂದಿಸುವ ಸೌಲಭ್ಯವಿದೆ. ಕಾರ್ಖಾನೆ ಅದನ್ನು ಯಾರೋ ಒಬ್ಬ ಸರಾಸರಿ ಸವಾರನಿಗೆ ಹೊಂದಿಸಿ ಕಳಿಸಿರುತ್ತದೆ. ನಾವು ಗರಾಜಿನಲ್ಲಿ ಅಳೆದೆವು. ಫೋರ್ಕಿನ ಹೊಳೆಯುವ ಕೊಳವೆಗೆ ಒಂದು ಪ್ಲಾಸ್ಟಿಕ್ ಟೈ ಬಿಗಿದು ಸೀಲಿನವರೆಗೆ ಸರಿಸಿದೆವು. ಹುಡುಗ ಹೆಲ್ಮೆಟ್, ಜಾಕೆಟ್, ಬೂಟು ಎಲ್ಲ ಹಾಕಿಕೊಂಡು, ಓಡಿಸುವ ಭಂಗಿಯಲ್ಲೇ ಕುಳಿತ. ಗಾಡಿ ಬೀಳದಂತೆ ಅವನಪ್ಪ ಹಿಂದೆ ಹಿಡಿದುಕೊಂಡರು. ಆಮೇಲೆ ಅವನು ಮೆಲ್ಲಗಿಳಿದ ಮೇಲೆ ಮುಂದಿನ ಚಕ್ರವನ್ನು ನೆಲದಿಂದೆತ್ತಿ, ಸೀಲಿಗೂ ಟೈಗೂ ನಡುವಿನ ಅಂತರಕ್ಕೆ ಟೇಪು ಹಿಡಿದೆವು. ಅದೇ ಸ್ಯಾಗ್. ಸಾಮಾನ್ಯವಾಗಿ 30ರಿಂದ 40 ಮಿಲಿಮೀಟರ್ ಇದ್ದರೆ ಒಳ್ಳೆಯದು. ಹಿಂದಿನ ಚಕ್ರದ ಆ್ಯಕ್ಸಲಿನಿಂದ ಸೀಟಿನ ಕೆಳಗಿನ ಒಂದು ಗುರುತಿಗೂ ಹೀಗೇ ಅಳೆದೆವು. ಹುಡುಗ ದಪ್ಪನೆಯ ಆಳು, ಹಿಂಭಾಗ ಬೇಕಾದ್ದಕ್ಕಿಂತ ಹೆಚ್ಚು ಕುಸಿದಿತ್ತು. ಹಿಂದೆ ಕುಸಿದ ಗಾಡಿ ತಿರುವಿನಿಂದ ಹೊರಬರುವಾಗ ಗೆರೆ ಬಿಟ್ಟು ಅಗಲಕ್ಕೆ ಜಾರುತ್ತದೆ. ಪ್ರೀಲೋಡ್ ಹೆಚ್ಚಿಸಿ ಮತ್ತೆ ಪೇಜ್ ಮಿಲ್ ಹತ್ತಿ ಬಂದವನು, "ಮಾವ, ಬೇರೆ ಗಾಡಿ ಆಗ್ಬಿಟ್ಟಿದೆ ಇದು" ಅಂದ. ಬಳಸಿದ್ದು ಒಂದು ಸ್ಪ್ಯಾನರು ಮಾತ್ರ.

ನಮ್ಮ ಕಡೆಯ ಉದಾಹರಣೆಯೂ ಇದಕ್ಕೆ ಒಪ್ಪುತ್ತದೆ. ಹೊಸೂರಿನ ಟಿವಿಎಸ್‌ನವರು 2021ರಲ್ಲಿ ಅಪಾಚೆ ಆರ್‌ಆರ್ 310ಕ್ಕೆ ಗಿರಾಕಿ ಆರಿಸಿಕೊಳ್ಳುವ ಎರಡು ಕಿಟ್ ತಂದರು. ಒಂದರಲ್ಲಿ ಹೊಂದಿಸಬಹುದಾದ ಸಸ್ಪೆನ್ಷನ್, ಇನ್ನೊಂದರಲ್ಲಿ ರೇಸಿಗೆ ತಕ್ಕ ಹ್ಯಾಂಡಲ್ ಮತ್ತು ಎತ್ತರದ ಫುಟ್‌ರೆಸ್ಟ್. ಎರಡರಲ್ಲೂ ಅಶ್ವಶಕ್ತಿ ಹೆಚ್ಚಿಸುವ ಮಾತಿಲ್ಲ. 1982ರಿಂದ ರೇಸ್ ತಂಡ ನಡೆಸುತ್ತ ಬಂದವರು ಯಾವುದಕ್ಕೆ ಮೊದಲ ಸ್ಥಾನ ಕೊಟ್ಟರು ಎಂಬುದನ್ನು ಹುಡುಗರು ಗಮನಿಸಬೇಕು.

ಎಕ್ಸಾಸ್ಟಿನ ಆಸೆಗೆ ಕಾನೂನೂ ಅಡ್ಡ ಬರುತ್ತದೆ. ಆರ್7ರ ಕೆಟಲಿಟಿಕ್ ಕನ್ವರ್ಟರ್ ಎಕ್ಸಾಸ್ಟಿನ ಒಡಲಲ್ಲೇ ಇದೆ. ಇಡೀ ಎಕ್ಸಾಸ್ಟ್ ಬದಲಿಸಿದರೆ ಅದೂ ಹೋಗುತ್ತದೆ. ಹೊಗೆ ನಿಯಂತ್ರಣದ ಭಾಗಗಳನ್ನು ಕೀಳುವುದನ್ನು ಕ್ಯಾಲಿಫೋರ್ನಿಯಾದ ವಾಹನ ಸಂಹಿತೆಯ 27156ನೇ ಸೆಕ್ಷನ್ ನಿಷೇಧಿಸುತ್ತದೆ. ರಾಜ್ಯದ ವಾಯು ಮಂಡಳಿಯ ಅನುಮತಿ ಸಂಖ್ಯೆ ಇರುವ ಪಾರ್ಟಿಗೆ ಮಾತ್ರ ವಿನಾಯಿತಿ. 2013ರಿಂದೀಚೆಗೆ ತಯಾರಾದ ಬೈಕುಗಳ ಎಕ್ಸಾಸ್ಟಿನ ಮೇಲೆ ಶಬ್ದಮಿತಿಯ ಮುದ್ರೆಯೂ ಇರಬೇಕು. ಕರ್ನಾಟಕದಲ್ಲೂ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ವಿವರ ಬದಲಿಸಲು ಬಿಡುವುದಿಲ್ಲ. ವಾರಂಟಿಯ ಬಗ್ಗೆ ಮಾತ್ರ ಅನಗತ್ಯ ಭಯವಿದೆ: ಹೊರಗಿನ ಪಾರ್ಟು ಹಾಕಿದ ಮಾತ್ರಕ್ಕೆ ಅದು ರದ್ದಾಗದಂತೆ ಅಮೆರಿಕದಲ್ಲಿ 1975ರ ಕಾನೂನೊಂದು ಕಾಯುತ್ತದೆ. ಆದರೆ ಕೆಟ್ಟದ್ದು ಆ ಪಾರ್ಟಿನಿಂದಲೇ ಎಂದು ತೋರಿಸಿದರೆ ಖರ್ಚು ನಮ್ಮದೇ.

ಕಾನೂನಿಗಿಂತ ನನಗೆ ನೆರೆಹೊರೆ ದೊಡ್ಡದು. ಲಾಸ್ ಆಲ್ಟೋಸ್ ಪುರಸಭೆಯ ಪಕ್ಕದಲ್ಲಿ ಏಪ್ರಿಕಾಟ್ ತೋಟವನ್ನು ಕಾಪಾಡಿಕೊಂಡಿರುವ ಊರು. ಒಣಗಿದೆಲೆ ಊದುವ ಪೆಟ್ರೋಲ್ ಯಂತ್ರವನ್ನೂ ಸದ್ದಿನ ಕಾರಣಕ್ಕೆ ನಿಷೇಧಿಸಿದೆ. ಇಂಥಲ್ಲಿ ಮುಂಜಾನೆ ಆರಕ್ಕೆ ಬೀದಿಯೆಲ್ಲ ಎಬ್ಬಿಸಿ ಬೆಟ್ಟಕ್ಕೆ ಹೋಗುವ ಹಕ್ಕು ಯಾರಿಗೂ ಇಲ್ಲ. ಬೆಟ್ಟದ ರಸ್ತೆಗಳಿಗೆ ಬೈಕು ಬೇಡ ಎಂಬ ಕೂಗೇಳುವುದೂ ಸದ್ದಿನಿಂದಲೇ. ರೇಸ್ ಟ್ರ್ಯಾಕಿನಲ್ಲಾದರೂ ಸದ್ದು ಮಾಡಬಹುದು ಅಂದುಕೊಂಡರೆ, ಮಾಂಟೆರೆ ಹತ್ತಿರದ ಲಗೂನಾ ಸೆಕಾದಲ್ಲಿ ಪಕ್ಕದಲ್ಲೇ ಮೈಕು ಇಟ್ಟು ಅಳೆಯುತ್ತಾರೆ. ಮಿತಿ ಮೀರಿದವರನ್ನು ಬಾವುಟ ತೋರಿಸಿ ಹೊರಗೆ ಕಳಿಸುತ್ತಾರೆ.

ಹಾಗಾದರೆ ಬದಲಾವಣೆಗೆ ಸಮಯ ಯಾವಾಗ? ಕೈ ಚಿಕ್ಕದಾಗಿ ಬೆರಳು ಲಿವರಿಗೆ ಎಟುಕದಿದ್ದರೆ ಅದನ್ನು ಮೊದಲ ದಿನವೇ ಸರಿಮಾಡಿ, ಅದು ಸುರಕ್ಷತೆಯ ಮಾತು. ಉಳಿದದ್ದೆಲ್ಲ ಮೊದಲ ಜೊತೆ ಟೈರು ಸವೆಯುವ ತನಕ ಕಾಯಲಿ. ಆ ಹೊತ್ತಿಗೆ ಒಂದು ಮಳೆಗಾಲ, ಒಂದು ಬೇಸಿಗೆ ಕಂಡಿರುತ್ತೀರಿ, ಗಾಡಿಯ ಗುಣ ಕೈಗೆ ಬಂದಿರುತ್ತದೆ. ಮೊದಲ ಬದಲಾವಣೆ ನಿಮ್ಮ ರಸ್ತೆಗೆ ತಕ್ಕ ಒಳ್ಳೆಯ ಟೈರೇ ಆಗಲಿ. ಪ್ರೀಲೋಡ್ ಎಷ್ಟು ತಿರುಗಿಸಿದರೂ ಸ್ಯಾಗ್ ಅಳತೆಗೆ ಬರದಿದ್ದರೆ ನಿಮ್ಮ ತೂಕದ ಸ್ಪ್ರಿಂಗ್ ಹಾಕಿಸಿ. ಟ್ರ್ಯಾಕಿನಲ್ಲಿ ಹತ್ತು ಹದಿನೈದು ನಿಮಿಷ ಓಡಿದ ಮೇಲೆ ಬ್ರೇಕ್ ಲಿವರ್ ಮೆತ್ತಗಾಗಿ ಹ್ಯಾಂಡಲಿನತ್ತ ಬರುತ್ತಿದ್ದರೆ ಬ್ರೇಕ್ ಫ್ಲೂಯಿಡ್, ಪ್ಯಾಡು ಬದಲಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಇಲ್ಲವಾದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ವಿಲೋಸ್ ಊರಿನ ಥಂಡರ್‌ಹಿಲ್‌ನಂಥ ಟ್ರ್ಯಾಕಿನಲ್ಲಿ ತಿರುವಿನಿಂದ ಹೊರಬರುತ್ತಲೇ ಥ್ರಾಟಲನ್ನು ಕೊನೆ ಮುಟ್ಟಿಸಿ, ಮುಂದಿನ ಬ್ರೇಕಿನ ಜಾಗದವರೆಗೂ ಹಾಗೇ ಹಿಡಿದಿದ್ದು, ಆಗಲೂ ನೇರ ರಸ್ತೆಯಲ್ಲಿ ಹಿಂದೆ ಬೀಳುತ್ತಿದ್ದೀರಾದರೆ, ಆಗ ಎಂಜಿನ್ನಿನ ಶಕ್ತಿಯ ಮಾತೆತ್ತಿ. ಅದೂ ಟ್ರ್ಯಾಕಿಗಷ್ಟೇ.

ಹೊಸ ಬೈಕು ಕೊಂಡವರಲ್ಲಿ ಒಂದೇ ವಿನಂತಿ: ಎಕ್ಸಾಸ್ಟಿಗೆಂದು ಎತ್ತಿಟ್ಟ ದುಡ್ಡಿನಲ್ಲಿ ಮೊದಲು ಟ್ರ್ಯಾಕಿನಲ್ಲಿ ಕಲಿಸುವವರ ಬಳಿ ಒಂದು ದಿನ ಕಲಿಯಿರಿ. ಮಿಕ್ಕದ್ದನ್ನು ಎರಡನೇ ಜೊತೆ ಟೈರಿಗೆ ಇಟ್ಟುಕೊಳ್ಳಿ.