ನೆರೆಮನೆಯ ಅಂಗಳದಲ್ಲಿ ಆಟ

ಕಾಸರಗೋಡಿನ ನಮ್ಮ ಮನೆಯಲ್ಲಿ ಕಳೆದ ವರ್ಷ ಮಗ ಹಠ ಹಿಡಿದ: "ಕೇರಳದಲ್ಲಿದ್ದುಕೊಂಡು ಕನ್ನಡ ಯಾಕೆ?" ಅವನಿಗೆ ಫುಟ್‌ಬಾಲ್ ಹುಚ್ಚು. ಆದ್ದರಿಂದ ನಾವು ವಾಡುಜ್ ಕ್ಲಬ್ಬಿನ ಕತೆ ಹೇಳಿದೆವು.

ಲಿಕ್ಟೆನ್‌ಸ್ಟೈನ್ ಸುಮಾರು 40 ಸಾವಿರ ಜನರ ದೇಶ. ಅಲ್ಲಿ ಸ್ವಂತ ಲೀಗ್ ಇಲ್ಲ. 1932ರಲ್ಲಿ ಹುಟ್ಟಿದ ವಾಡುಜ್ ನೆರೆಯ ಸ್ವಿಟ್ಜರ್ಲೆಂಡಿನ ಲೀಗಿನಲ್ಲಿ ಆಡುತ್ತದೆ. 2008ರಲ್ಲಿ ಅಲ್ಲಿನ ಮೇಲಿನ ದರ್ಜೆಗೂ ಏರಿತು. ಯುರೋಪಿನ ಪಂದ್ಯಾವಳಿಗೆ ಮಾತ್ರ ತನ್ನ ದೇಶದ ಕಪ್ ಗೆದ್ದೇ ಹೋಗಬೇಕು. 2022ರಲ್ಲಿ ಹಾಗೆ ಹೋಗಿ ಕಾನ್ಫರೆನ್ಸ್ ಲೀಗಿನ ಗುಂಪು ಹಂತ ಸೇರಿತು. ಆ ದೇಶದ ಕ್ಲಬ್ಬಿಗೆ ಅದೇ ಮೊದಲು.

"ನೆರೆಯವರೊಡನೆ ಚೆನ್ನಾಗಿ ಆಡು, ಮಲಯಾಳ ಕಲಿ. ನಿನ್ನ ಹೆಸರು ಬಿಡಬೇಡ" ಎಂದೆವು. ಮಗ ಮಾತಾಡಲಿಲ್ಲ. ರಾತ್ರಿ ಕನ್ನಡ ಪಾಠದ ಪುಸ್ತಕ ತೆರೆದದ್ದನ್ನು ನೋಡಿದೆವು.