ಎಜ್‌ಬಾಸ್ಟನ್: ಸಂತರೊಬ್ಬರು ನೆಲೆನಿಂತ ಬಡಾವಣೆ

ಎಜ್‌ಬಾಸ್ಟನ್ ಎಂದೊಡನೆ ನಮ್ಮ ಮನೆಯ ಹುಡುಗರಿಗೆ ನೆನಪಾಗುವುದು ಕ್ರಿಕೆಟ್. 1902ರಲ್ಲಿ ಮೊದಲ ಟೆಸ್ಟ್ ಪಂದ್ಯ ಕಂಡ ಮೈದಾನ ಅದು. 1994ರಲ್ಲಿ ಬ್ರಯಾನ್ ಲಾರಾ ಔಟಾಗದೆ 501 ರನ್ ಹೊಡೆದದ್ದು ಅಲ್ಲಿಯೇ. 2025ರ ಜುಲೈ ತಿಂಗಳಲ್ಲಿ ಭಾರತ 336 ರನ್‌ಗಳಿಂದ ಗೆದ್ದು, ಆ ಮೈದಾನದಲ್ಲಿ ಮೊತ್ತಮೊದಲ ಟೆಸ್ಟ್ ಜಯ ಪಡೆದಾಗ ಕರ್ನಾಟಕದ ಕೆ. ಎಲ್. ರಾಹುಲ್ ಮತ್ತು ಪ್ರಸಿದ್ಧ್ ಕೃಷ್ಣ ತಂಡದಲ್ಲಿದ್ದರು. ಆದರೆ ಎಜ್‌ಬಾಸ್ಟನ್ ಬರಿಯ ಮೈದಾನವಲ್ಲ. ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಒಂದು ಬಡಾವಣೆ. ಕಥೋಲಿಕರಾದ ನಮಗೆ ಸಂತರೊಬ್ಬರ ಊರು.

ಬರ್ಮಿಂಗ್‌ಹ್ಯಾಮ್ ದೊಡ್ಡ ನಗರ. 2021ರ ಜನಗಣತಿಯಂತೆ ಹನ್ನೊಂದು ಲಕ್ಷಕ್ಕೂ ಮಿಕ್ಕಿದ ಜನಸಂಖ್ಯೆ. 2018ರಲ್ಲಿ ವಾರ್ಡುಗಳನ್ನು ಹೊಸದಾಗಿ ವಿಂಗಡಿಸಿದಾಗ ನಗರಪಾಲಿಕೆಗೆ 69 ವಾರ್ಡುಗಳು, 101 ಸದಸ್ಯರು ಎಂದಾಯಿತು. ಎಜ್‌ಬಾಸ್ಟನ್ ಹೆಸರು ಎರಡು ವಾರ್ಡುಗಳಿಗೆ ಸಿಕ್ಕಿತು. ಒಂದು ಎಜ್‌ಬಾಸ್ಟನ್, ಇನ್ನೊಂದು ಉತ್ತರ ಎಜ್‌ಬಾಸ್ಟನ್. ಇವೆರಡೂ ಸೇರಿರುವ ಲೋಕಸಭಾ ಕ್ಷೇತ್ರಕ್ಕೊಂದು ವಿಶೇಷವಿದೆ. 1953ರಿಂದ ಅಲ್ಲಿಯ ಜನ ಸಂಸತ್ತಿಗೆ ಕಳುಹಿಸುತ್ತ ಬಂದದ್ದು ಮಹಿಳೆಯರನ್ನೇ. 2017ರಲ್ಲಿ ಅಲ್ಲಿಂದ ಗೆದ್ದ ಪ್ರೀತ್ ಗಿಲ್ ಬ್ರಿಟಿಷ್ ಸಂಸತ್ತಿನ ಮೊದಲ ಸಿಖ್ ಮಹಿಳೆ.

ನಗರದ ನಡುಭಾಗದಿಂದ ನೈಋತ್ಯಕ್ಕೆ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ಎಜ್‌ಬಾಸ್ಟನ್ ಸಿಗುತ್ತದೆ. ಅಗಲವಾದ ರಸ್ತೆಗಳು, ಹಳೆಯ ಮರಗಳು, ಕೈತೋಟವಿರುವ ದೊಡ್ಡ ಮನೆಗಳು. 1832ರಲ್ಲಿ ತೆರೆದ ಸಸ್ಯೋದ್ಯಾನ ಅಲ್ಲಿದೆ. 1900ರಲ್ಲಿ ಸನ್ನದು ಪಡೆದ ವಿಶ್ವವಿದ್ಯಾನಿಲಯದ ಗಡಿಯಾರ ಗೋಪುರ ಸುಮಾರು 100 ಮೀಟರ್ ಎತ್ತರಕ್ಕೆ ನಿಂತಿದೆ.

ಕಾರ್ಖಾನೆಗಳಿಗೆ ಹೆಸರಾದ ನಗರದಲ್ಲಿ ಇಷ್ಟು ಹಸಿರು ಉಳಿದದ್ದು ಹೇಗೆ? 1717ರಲ್ಲಿ ಸರ್ ರಿಚರ್ಡ್ ಗಫ್ ಎಂಬವರು ಈ ಭೂಮಿಯನ್ನು ಕೊಂಡರು. ಮುಂದೆ ಕ್ಯಾಲ್‌ಥೋರ್ಪ್ ಎಂದು ಹೆಸರಾದ ಅವರ ವಂಶದವರು ಜಮೀನನ್ನು ಗೇಣಿಗೆ ಕೊಡುವಾಗ ಇಲ್ಲಿ ಕಾರ್ಖಾನೆ, ಗೋದಾಮು ಕಟ್ಟಬಾರದೆಂದು ಷರತ್ತು ಹಾಕಿದರು. ಹಾಗಾಗಿ ಕಾರ್ಖಾನೆಗಳ ಮಾಲೀಕರು ಇಲ್ಲಿ ಮನೆ ಮಾಡಿದರು. ಕಾರ್ಮಿಕರು ಪಕ್ಕದ ಕೇರಿಗಳಲ್ಲಿ, ಒಂದಕ್ಕೊಂದು ಅಂಟಿಕೊಂಡ ಮನೆಗಳಲ್ಲಿ ಉಳಿದರು. ಸಿರಿತನ ಮತ್ತು ಬಡತನದ ನಡುವೆ ಕೆಲವೇ ಬೀದಿಗಳ ದೂರವಿತ್ತು.

ಇಂಥ ಜಾಗಕ್ಕೆ 1852ರಲ್ಲಿ ಸಂತ ಜಾನ್ ಹೆನ್ರಿ ನ್ಯೂಮನ್ ಬಂದರು. ಅವರು ಆಕ್ಸ್‌ಫರ್ಡ್‌ನ ದೊಡ್ಡ ವಿದ್ವಾಂಸರು, ಆಂಗ್ಲಿಕನ್ ಗುರುಗಳಾಗಿದ್ದವರು. 1845ರ ಅಕ್ಟೋಬರ್ 9ರಂದು ಕಥೋಲಿಕ ಧರ್ಮಸಭೆಯನ್ನು ಸೇರಿ, 1847ರಲ್ಲಿ ರೋಮಿನಲ್ಲಿ ಗುರುದೀಕ್ಷೆ ಪಡೆದರು. ಸಂತ ಫಿಲಿಪ್ ನೇರಿಯವರ ಮಾದರಿಯಲ್ಲಿ ಗುರುಗಳು ಕೂಡಿ ಬಾಳುವ ಒರೆಟರಿ ಎಂಬ ಸಮುದಾಯವನ್ನು ಇಂಗ್ಲೆಂಡಿನಲ್ಲಿ ಸ್ಥಾಪಿಸಿದರು. 1849ರಲ್ಲಿ ಸಮೀಪದ ಬಿಲ್‌ಸ್ಟನ್ ಊರಿನಲ್ಲಿ ಕಾಲರಾ ಹರಡಿದಾಗ ರೋಗಿಗಳ ಸೇವೆಗೆ ತಾವಾಗಿ ಹೋದರು.

1864ರಲ್ಲಿ ರೋಮಿನಿಂದ ಅವರಿಗೊಂದು ಕರೆ ಬಂತು. ಅಲ್ಲಿ ಬಂದು ಪ್ರಬೋಧನೆ ಕೊಡಿ, ಇಂಗ್ಲೆಂಡಿಗಿಂತ ಹೆಚ್ಚು ಓದಿದ ಜನ ಕೇಳಲು ಸೇರುತ್ತಾರೆ ಎಂಬುದು ಆ ಕರೆಯ ಸಾರ. ನ್ಯೂಮನ್ ಒಪ್ಪಲಿಲ್ಲ. ಬರ್ಮಿಂಗ್‌ಹ್ಯಾಮ್‌ನ ಜನರಿಗೂ ಆತ್ಮವಿದೆ ಎಂದು ಉತ್ತರ ಬರೆದರು. 1879ರಲ್ಲಿ ಪೋಪ್ 13ನೇ ಲಿಯೋ ಅವರನ್ನು ಕಾರ್ಡಿನಲ್ ಮಾಡಿದಾಗಲೂ ರೋಮಿನಲ್ಲಿ ವಾಸಿಸದೆ ಎಜ್‌ಬಾಸ್ಟನ್‌ನಲ್ಲೇ ಉಳಿಯಲು ಅನುಮತಿ ಪಡೆದರು.

1889ರಲ್ಲಿ ಅವರಿಗೆ 88 ವರ್ಷ. ಬೋರ್ನ್‌ವಿಲ್‌ನ ಕ್ಯಾಡ್‌ಬರಿ ಚಾಕೊಲೇಟ್ ಕಾರ್ಖಾನೆಯ ಕಥೋಲಿಕ ಹುಡುಗಿಯರು ಒಂದು ದೂರು ತಂದರು. ಕ್ವೇಕರ್ ಪಂಗಡದ ಮಾಲೀಕರು ನಡೆಸುವ ಬೈಬಲ್ ಪಾಠಕ್ಕೆ ತಾವು ಹೋಗಲೇಬೇಕಾಗಿದೆ ಎಂಬುದು ಅವರ ಸಂಕಟ. ಮುದಿ ಕಾರ್ಡಿನಲ್ ಹಿಮ ಬಿದ್ದ ದಾರಿಯಲ್ಲಿ ಗಾಡಿಯೇರಿ ಹೊರಟರು, ಮಾಲೀಕರನ್ನು ಕಂಡು ಸಮಾಧಾನದಿಂದ ಮಾತನಾಡಿದರು. ಮಾಲೀಕರೂ ಸಜ್ಜನರು, ಕಥೋಲಿಕ ಹುಡುಗಿಯರ ಪ್ರಾರ್ಥನೆಗೆಂದು ಒಂದು ಕೋಣೆಯನ್ನು ಬಿಟ್ಟುಕೊಟ್ಟರು. ಮರುವರ್ಷ, 1890ರ ಆಗಸ್ಟ್ 11ರಂದು ನ್ಯೂಮನ್ ತೀರಿಹೋದಾಗ ಅವರ ಅಂತಿಮ ಯಾತ್ರೆಯ ದಾರಿಯುದ್ದಕ್ಕೂ ಸಾವಿರಾರು ಜನ ನಿಂತಿದ್ದರು.

ಅವರ ನಂತರವೂ ಒರೆಟರಿಯ ಬಾಗಿಲು ತೆರೆದೇ ಇತ್ತು. ಮೇಬಲ್ ಟೋಲ್ಕಿನ್ ಎಂಬ ವಿಧವೆ 1900ರಲ್ಲಿ ಕಥೋಲಿಕಳಾದಾಗ ಬಂಧುಗಳು ಸಿಟ್ಟಾಗಿ ಹಣದ ಸಹಾಯ ನಿಲ್ಲಿಸಿದರು. ಆಕೆ ಇಬ್ಬರು ಮಕ್ಕಳೊಡನೆ ಒರೆಟರಿಯ ಹತ್ತಿರ ಮನೆ ಹಿಡಿದರು. 1904ರಲ್ಲಿ ಸಕ್ಕರೆ ಕಾಯಿಲೆಯಿಂದ ತೀರಿಹೋದರು. ತಾಯಿಯ ಇಚ್ಛೆಯಂತೆ ಒರೆಟರಿಯ ಫಾದರ್ ಫ್ರಾನ್ಸಿಸ್ ಮೋರ್ಗನ್ ಆ ಮಕ್ಕಳ ಪಾಲಕರಾದರು. ಹಿರಿಯ ಹುಡುಗನೇ ಮುಂದೆ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಬರೆದ ಜೆ. ಆರ್. ಆರ್. ಟೋಲ್ಕಿನ್.

2019ರ ಅಕ್ಟೋಬರ್ 13ರಂದು ಪೋಪ್ ಫ್ರಾನ್ಸಿಸ್ ಅವರು ನ್ಯೂಮನ್‌ರಿಗೆ ಸಂತ ಪದವಿ ನೀಡಿದರು. ಅದೇ ದಿನ, ಅದೇ ಬಲಿಪೂಜೆಯಲ್ಲಿ ಕೇರಳದ ಸಂತ ಮರಿಯಂ ತ್ರೇಸಿಯಾ ಅವರಿಗೂ ಆ ಪದವಿ ಲಭಿಸಿತು. ಒಬ್ಬರು ಪುಸ್ತಕಗಳ ನಡುವೆ ಬಾಳಿದ ಪಂಡಿತರು. ಇನ್ನೊಬ್ಬರು ತ್ರಿಶೂರು ಸೀಮೆಯಲ್ಲಿ ಬಡವರ, ರೋಗಿಗಳ ಮನೆಬಾಗಿಲಿಗೆ ನಡೆದುಹೋದ ಸೋದರಿ. ಇಬ್ಬರೂ ತಮ್ಮ ನೆರೆಹೊರೆಯನ್ನು ಕಾಳಜಿಯಿಂದ ನೋಡಿದವರು. 2025ರ ನವೆಂಬರ್ 1ರಂದು ಪೋಪ್ 14ನೇ ಲಿಯೋ ಅವರು ನ್ಯೂಮನ್‌ರನ್ನು ಧರ್ಮಸಭೆಯ ಪಂಡಿತರೆಂದು ಘೋಷಿಸಿದರು.

ಈಚಿನ ವರ್ಷಗಳಲ್ಲಿ ಬರ್ಮಿಂಗ್‌ಹ್ಯಾಮ್ ಕಷ್ಟ ಕಂಡಿದೆ. 2023ರ ಸೆಪ್ಟೆಂಬರ್ 5ರಂದು ನಗರಪಾಲಿಕೆ, ಕಾನೂನಿನ ಪ್ರಕಾರ ಮಾಡಲೇಬೇಕಾದ ಸೇವೆಗಳನ್ನು ಬಿಟ್ಟು ಬೇರೆ ಹೊಸ ಖರ್ಚು ಮಾಡಲಾರೆವು ಎಂದು ಪ್ರಕಟಿಸಿತು. ಹಿಂದೆ ಮಹಿಳಾ ನೌಕರರಿಗೆ ಸಮಾನ ವೇತನ ಕೊಡದೆ ಉಳಿಸಿಕೊಂಡ ಬಾಕಿಯೂ ಅದಕ್ಕೊಂದು ಮುಖ್ಯ ಕಾರಣ. ಮರುವರ್ಷ ಮನೆತೆರಿಗೆ ಶೇಕಡಾ 10ರಷ್ಟು ಏರಿತು. 2025ರ ಮಾರ್ಚ್‌ನಲ್ಲಿ ಕಸ ಎತ್ತುವ ಕಾರ್ಮಿಕರು ಅನಿರ್ದಿಷ್ಟ ಮುಷ್ಕರ ಹೂಡಿದಾಗ ಬೀದಿಗಳಲ್ಲಿ ಕಸದ ರಾಶಿ ಬೆಳೆಯಿತು. ಇಂಥ ಹೊತ್ತಿನಲ್ಲಿ ಹಣವಿದ್ದವರು ಹೇಗೋ ನಿಭಾಯಿಸುತ್ತಾರೆ. ಒಂಟಿ ಮುದುಕರು, ಅಂಗವಿಕಲರು, ಬಡವರ ಮಕ್ಕಳು ನೆರೆಯವರ ದಾರಿ ನೋಡಬೇಕಾಗುತ್ತದೆ.

ವಾರ್ಡಿನ ಗೆರೆ ಎಳೆಯುವವರು ಅಧಿಕಾರಿಗಳು. ಅದು ಇಂದು ಇಲ್ಲಿ, ನಾಳೆ ಅಲ್ಲಿ. ಗಡಿನಾಡಿನ ನಮಗೆ ಇದು ಹೊಸತೇನಲ್ಲ. 1956ರಲ್ಲಿ ರಾಜ್ಯಗಳ ಗೆರೆ ಬದಲಾಯಿತು. ನಮ್ಮ ಮನೆಯ ಮಾತು, ಪ್ರಾರ್ಥನೆ ಬದಲಾಗಲಿಲ್ಲ. ಆದರೆ ಗೆರೆಯ ಒಳಗೆ ಯಾರನ್ನು ನಮ್ಮವರೆಂದು ಕಾಣಬೇಕು ಎಂಬುದನ್ನು ಅಧಿಕಾರಿಗಳು ತೀರ್ಮಾನಿಸಲಾರರು, ಅದು ನಮ್ಮ ಕೆಲಸ. ನಮ್ಮ ಧರ್ಮಕೇಂದ್ರದಲ್ಲೂ ಪೂಜೆಗೆ ಬರಲಾಗದ ಅಜ್ಜಿಯಿದ್ದಾರೆ, ಕೆಲಸ ಹುಡುಕಿ ದೂರದಿಂದ ಬಂದು ಬಾಡಿಗೆ ಕೋಣೆಯಲ್ಲಿರುವ ಕುಟುಂಬವಿದೆ. ಈ ಭಾನುವಾರ ಪೂಜೆ ಮುಗಿದ ಮೇಲೆ ಒಂದು ಮನೆಗಾದರೂ ಹೋಗಿ ಬರೋಣ. ಅಲ್ಲಿರುವವರಿಗೂ ಆತ್ಮವಿದೆ.