ಕಚ್ಚದ ಹುಳುವಿಗೆ ಹೆಸರು ಹುಡುಕುವುದು

ಕೊಡಗಿನ ಅಮ್ಮತ್ತಿಯಲ್ಲಿ 1950ರ ದಶಕದ ಆರಂಭದಲ್ಲಿ ಕಾರೈಕಾಲ್ ಕಡೆಯ ಕೀಟಸಂಗ್ರಾಹಕ ಸುಸೈ ನಾಥನ್ ಹುಳುಗಳನ್ನು ಹಿಡಿದರು. ಅವರು ಕಳಿಸಿದ ಉದ್ದಗಾಲಿನ ಕ್ರೇನ್ ನೊಣಗಳಿಗೆ ಹೆಸರಿಟ್ಟವರು ಅಮೆರಿಕದ ಚಾರ್ಲ್ಸ್ ಅಲೆಕ್ಸಾಂಡರ್. ಜೀವಮಾನದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಪ್ರಭೇದಗಳನ್ನು ವರ್ಣಿಸಿದ ಆಸಾಮಿ!

ಸೊಳ್ಳೆಯಂತೆ ಕಂಡರೂ ಕಚ್ಚದ ಕೈರೊನೊಮಿಡ್‌ಗಳಿಗೆ ಹೆಸರಿಡುವುದು ಇನ್ನೂ ಫಜೀತಿ. ಒಣಗಿದರೆ ಬಣ್ಣ ಮಾಸುತ್ತದೆ, ಕಾಲುಗಳು ಉದುರುತ್ತವೆ. ಗಂಡಿನ ಹಿಂತುದಿಯ ಜನನಾಂಗವನ್ನು ಕ್ಷಾರದಲ್ಲಿ ತಿಳಿಯಾಗಿಸಿ, ಗಾಜಿನ ಮೇಲೆ ಕೂರಿಸಿ, ಸೂಕ್ಷ್ಮದರ್ಶಕದಡಿ ನೋಡಬೇಕು. ಹೆಣ್ಣಾದರೆ ಗುರುತು ಎಷ್ಟೋ ಸಲ ಕುಲದ ಹೆಸರಿಗೇ ನಿಲ್ಲುತ್ತದೆ.

1911ರ ಸುಮಾರಿಗೆ ಕೀಫರ್ ಎಂಬ ವಿದ್ವಾಂಸ ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂನಲ್ಲಿದ್ದ ಈ ಹುಳುಗಳ ಮಾದರಿಗಳ ಬಗ್ಗೆ ಬರೆದ ವರ್ಣನೆಗಳೋ ಮಹಾ ಚುಟುಕು. ಹಾಗಾಗಿ ಇಂದಿನವರು ಮೂಲ ಮಾದರಿಯನ್ನೇ ಹುಡುಕಿ ನೋಡಬೇಕು, ಅದು ಉಳಿದಿದ್ದರೆ.